ಇಪ್ಪತ್ನಾಲ್ಕು ಸಾಮಾನು

ನಮ್ಮ ಶಾಲೆಯ ಸ್ಟಾಫ್ ರೂಮಿನ ಕಪಾಟಿನಲ್ಲಿ ಒಂದು ಹಳೆಯ ಸ್ಟೀಲಿನ ತಟ್ಟೆ ಇದೆ. ಅಂಚು ಒಂದು ಕಡೆ ಸೊಟ್ಟಗಾಗಿರುವುದರಿಂದ ಚಹಾದ ಕಪ್ಪುಗಳನ್ನಿಟ್ಟರೆ ಎಲ್ಲವೂ ಒಂದೇ ಮೂಲೆಗೆ ಜಾರುತ್ತವೆ. ನಮ್ಮ ಜವಾನ ಎರಡು ಸಲ ಅದನ್ನು ಗುಜರಿಯವನಿಗೆ ಕೊಡಲು ನೋಡಿದ. ನಾನು ಬಿಡಲಿಲ್ಲ. (ಗಂಟೆ ಬಾರಿಸುವವನೂ ಜವಾನ, ಗಡಿ ಕಾಯುವವನೂ ಜವಾನ, ನಮ್ಮ ಭಾಷೆ ಇಬ್ಬರಿಗೂ ಒಂದೇ ಮರ್ಯಾದೆ ಕೊಟ್ಟಿದೆ ಎಂದು ನನಗೆ ಆಗಾಗ ಅನಿಸುತ್ತದೆ. ಸಂಬಳದ ಮಾತು ಬೇರೆ.)

1996ರಲ್ಲಿ ನಾನು ಗೈಡ್ ಕ್ಯಾಪ್ಟನ್ ತರಬೇತಿ ಮುಗಿಸಿಕೊಂಡು ಬಂದೆ. ನಮ್ಮಲ್ಲಿ ಸ್ಕೌಟ್ ಮಾಸ್ತರರು ಇರಲಿಲ್ಲವಾದ್ದರಿಂದ ಹುಡುಗಿಯರ ಜೊತೆಗೆ ಹುಡುಗರೂ ನನ್ನ ಕೊರಳಿಗೇ ಬಿದ್ದರು. ತರಬೇತಿಯಲ್ಲಿ ಕಲಿತ ಗಂಟುಗಳೆಲ್ಲ ಮರೆತುಹೋಗಿವೆ. ಮರೆಯದೆ ಉಳಿದದ್ದು ಒಂದೇ ಆಟ. ತಟ್ಟೆಯಲ್ಲಿ ಇಪ್ಪತ್ನಾಲ್ಕು ಸಾಮಾನು ಇಡುವುದು: ಸೂಜಿ, ಗೋಲಿ, ಹುಣಸೆಬೀಜ, ಬೀಗದ ಕೈ, ಬಸ್ಸಿನ ಟಿಕೀಟು, ನಮ್ಮ ಹೆಡ್‌ಮಾಸ್ತರರ ಸುಣ್ಣದ ಡಬ್ಬಿ, ಹೀಗೆ. ಒಂದು ನಿಮಿಷ ಮಕ್ಕಳಿಗೆ ತೋರಿಸಿ ಮೇಲೆ ಟವೆಲು ಹೊದಿಸಿಬಿಡುವುದು. ಆಮೇಲೆ ಕಂಡದ್ದನ್ನೆಲ್ಲ ಅವರು ಬರೆಯಬೇಕು. ಇದಕ್ಕೆ ಕಿಮ್ ಆಟ ಎನ್ನುತ್ತಾರೆ. ಕಿಪ್ಲಿಂಗ್ 1901ರಲ್ಲಿ ಬರೆದ ಕಾದಂಬರಿಯ ಹುಡುಗ ಕಿಮ್. ಸಿಮ್ಲಾದ ಒಂದು ಅಂಗಡಿಯಲ್ಲಿ ಅವನಿಗೆ ಬೇಹುಗಾರಿಕೆ ಕಲಿಸುವುದು ಈ ಆಟದಿಂದಲೇ. ಬೇಡನ್ ಪೊವೆಲ್ ಅದನ್ನು ಎತ್ತಿಕೊಂಡು ಸ್ಕೌಟ್ ಮಕ್ಕಳಿಗೆ ಕೊಟ್ಟರು. ಈಗಲೂ ಎಷ್ಟೋ ದೇಶಗಳ ಸೈನ್ಯದಲ್ಲಿ ಮರೆಯಲ್ಲಿ ಕೂತು ಗುರಿಯಿಡುವವರಿಗೆ, ಮುಂದೆ ಹೋಗಿ ನೋಡಿಬರುವವರಿಗೆ ಇದೇ ಆಟ ಆಡಿಸುತ್ತಾರೆ. ಇದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಆಗ ನನಗೆ ಅದು ಮಳೆ ಬಂದ ದಿನ ಮಕ್ಕಳನ್ನು ಸುಮ್ಮನೆ ಕೂರಿಸುವ ಉಪಾಯವಾಗಿತ್ತು, ಅಷ್ಟೇ.

2001ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕೊನೆಯ ಬೆಂಚು, ಇಂಗ್ಲಿಷಿನಲ್ಲಿ ಅಂಚಿನ ಅಂಕ, ಪ್ರಗತಿ ಪತ್ರದಲ್ಲಿ ನಾನು ಬರೆದ ಷರಾ “ಗಮನ ಸಾಲದು.” ಆ ಹುಡುಗ ಇಪ್ಪತ್ಮೂರು ಸಾಮಾನು ಬರೆದ. ಬಸ್ಸಿನ ಟಿಕೀಟಿನ ಮುಂದೆ “ಎರಡು ತೂತು” ಎಂದೂ ಬರೆದಿದ್ದ. ಇಪ್ಪತ್ನಾಲ್ಕನೆಯ ಸಾಲು ಖಾಲಿ. ಬುದ್ಧಿವಂತ ಮಕ್ಕಳು ಹದಿನೆಂಟು ನೋಡಿ, ಪೆನ್ನು ಪೆನ್ಸಿಲು ಎಂದು ಇನ್ನಾರು ಸೇರಿಸಿ ಲೆಕ್ಕ ಭರ್ತಿ ಮಾಡಿದ್ದರು. “ಒಂದು ಅಂದಾಜಿನ ಮೇಲೆ ಬರೆಯಬಾರದೇನೋ?” ಎಂದು ಕೇಳಿದೆ.

“ಅದು ಕಾಣಲಿಲ್ರಿ ಅಕ್ಕೋರ,” ಅಂದ.

ಅದೇ ವರ್ಷ ಶಾಲೆಗೆ ತಪಾಸಣೆ ಬಂತು. ತಪಾಸಣೆ ಎಂದರೆ ಏನೆಂದು ಶಿಕ್ಷಕರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿದರೆ ನಂಬುವುದಿಲ್ಲ. ಸಾಹೇಬರು ತರಗತಿಗೆ ಬಂದು, ಪ್ರಯೋಗಾಲಯಕ್ಕೆ ವಾರಕ್ಕೆ ಎಷ್ಟು ಸಲ ಹೋಗುತ್ತೀರಿ ಎಂದು ಕೇಳಿದರು. ಹಿಂದಿನ ದಿನ ನಾವು ಹೇಳಿಕೊಟ್ಟಂತೆ ತರಗತಿ ಒಂದೇ ಸ್ವರದಲ್ಲಿ “ಎರಡು ಸಲ ಸರ್” ಎಂದಿತು. ಸಾಹೇಬರಿಗೆ ಅನುಮಾನ ಬಂದಿರಬೇಕು. ಕೊನೆಯ ಬೆಂಚಿಗೆ ಬೆರಳು ತೋರಿಸಿ ಎಬ್ಬಿಸಿದರು. ಈ ಹುಡುಗ ಎದ್ದು ನಿಂತು, ಬಹಳ ಯೋಚಿಸಿ, “ನಾವು ಒಂದ ಸಲ ಹೋಗೇವ್ರಿ. ನಿನ್ನೆ. ಕಸಾ ಹೊಡಿಯಾಕ,” ಅಂದ.

ಸಾಹೇಬರು ನಕ್ಕು ಮುಂದೆ ಹೋದರು. ನಾನು ನಗಲಿಲ್ಲ. ಅವರ ಜೀಪು ಹೋದ ಮೇಲೆ ಹುಡುಗನ ಅಂಗೈಗೆ ರೂಲುಕಟ್ಟಿಗೆಯಿಂದ ಎರಡು ಕೊಟ್ಟೆ. ಅವನ ಮುಖದಲ್ಲಿ ನೋವಿಗಿಂತ ಗೊಂದಲ ಹೆಚ್ಚಾಗಿತ್ತು. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾನೆ, ಉತ್ತರ ಸರಿಯಾಗಿದೆ, ಮತ್ತೆ ಏಟು ಏಕೆ?

ಹುಡುಗ ಹೇಗೋ ಎಸ್ಸೆಸ್ಸೆಲ್ಸಿ ದಾಟಿದ. 2005ರಲ್ಲಿ ಬೆಳಗಾವಿಯ ಭರ್ತಿ ರ್‍ಯಾಲಿಯಲ್ಲಿ ಓಡಿ ಆಯ್ಕೆಯಾಗಿ ಮಿಲಿಟರಿ ಸೇರಿದ. ನಮ್ಮ ಭಾಗದಲ್ಲಿ ಇದು ಹೊಸದಲ್ಲ. ಸೈನಿಕರಿಲ್ಲದ ಓಣಿಯೇ ಸಿಗದ ಊರುಗಳು ಬೆಳಗಾವಿಯ ಸುತ್ತ ಎಷ್ಟೋ ಇವೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇದೆ. ಜೂನಿಯರ್ ಲೀಡರ್ಸ್ ವಿಂಗ್ ಎಂಬ ತರಬೇತಿ ಸಂಸ್ಥೆಯೂ ಅಲ್ಲೇ ಇದೆ. ಪದಾತಿ ದಳದ ಎಳೆಯ ಅಧಿಕಾರಿಗಳು ಕಮಾಂಡೋ ಕೋರ್ಸಿಗೆಂದು ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ಬಿ.ಎಡ್. ಓದುವಾಗ ಒಮ್ಮೆ ಬೆಳಗಿನ ಬಸ್ಸಿನಲ್ಲಿ ಅಂಥವರನ್ನು ಕಂಡಿದ್ದೆ. ಜಿಟಿಜಿಟಿ ಮಳೆ, ಬೆನ್ನ ಮೇಲೆ ಹೊರೆ, ಕೈಯಲ್ಲಿ ಬಂದೂಕು, ಮೈಯೆಲ್ಲ ಕೆಸರು. ಓಟವೂ ಅಲ್ಲ ನಡಿಗೆಯೂ ಅಲ್ಲದ ಒಂದು ಹೆಜ್ಜೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ “ಯಾರ ಮಕ್ಕಳೋ ಏನೋ, ಒಂದ ತುತ್ತ ಉಂಡಾರೋ ಇಲ್ಲೋ” ಎಂದು ಕಿಟಕಿಯ ಕಡೆ ಕೈಮುಗಿದಳು.

2009ರ ಮಳೆಗಾಲದಲ್ಲಿ ಹುಡುಗನ ತಾಯಿ ನಮ್ಮ ಮನೆಗೆ ಬಂದಳು. ಗಂಡ ಸತ್ತು ನಾಲ್ಕು ತಿಂಗಳಾಗಿತ್ತು. ಮಗ ಪ್ಯಾರಾ ಕಮಾಂಡೋ ಆಗುತ್ತೇನೆಂದು ತಾನಾಗಿ ಹೆಸರು ಕೊಟ್ಟು ಹೋಗಿದ್ದನಂತೆ. ಪರೀಕ್ಷೆಯ ಐದನೆಯ ವಾರ ಹೊರೆ ಹೊತ್ತು ಇಳಿಜಾರಿನಲ್ಲಿ ಬಿದ್ದು ಪಾದದ ಕೀಲು ತಿರುಚಿ ಆಸ್ಪತ್ರೆ ಸೇರಿದ್ದನಂತೆ. ಹಳೆಯ ಪಲ್ಟಣಕ್ಕೆ ವಾಪಸು ಕಳಿಸಿದ್ದಾರೆ, ಕಾಲು ವಾಸಿಯಾದ ಮೇಲೆ ಮತ್ತೆ ಹೋಗುತ್ತೇನೆ ಅನ್ನುತ್ತಾನೆ.

“ಅಕ್ಕೋರ, ಅಂವಾ ನನ್ನ ಮಾತ ಕೇಳಂಗಿಲ್ಲ. ನಿಮ್ಮ ಮಾತಂದ್ರ ಕೇಳ್ತಾನ. ನೀವ ನಾಕ ಸಾಲ ಬರೀರಿ.”

ಬರೆದೆ. ನಾಲ್ಕಲ್ಲ, ಎರಡು ಪುಟ. ತಂದೆಯಿಲ್ಲದ ಮನೆ, ಮದುವೆಗೆ ನಿಂತ ತಂಗಿ, ಇರುವ ನೌಕರಿ ಸಣ್ಣದೇನಲ್ಲ, ಹೀಗೆಲ್ಲ. ಇಷ್ಟು ಬರೆದು ಓದಿದಾಗ ಪತ್ರಕ್ಕೆ ಬಲ ಸಾಲದು ಅನಿಸಿತು. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: “ನಿನ್ನ ತಾಯಿ ಚಿಂತೆಯಿಂದ ಹಾಸಿಗೆ ಹಿಡಿದಿದ್ದಾಳೆ.” ಆ ತಾಯಿ ನನ್ನೆದುರೇ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಮೂರು ಮೈಲಿ ನಡೆದು ಬಂದವಳು.

ಹುಡುಗ ಮತ್ತೆ ಹೆಸರು ಕೊಡಲಿಲ್ಲ. ತಾಯಿ ಒಂದು ಡಬ್ಬಿ ಕರದಂಟು ತಂದುಕೊಟ್ಟಳು. ನಾನು ಒಂದು ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡು ಅದನ್ನು ತಿಂದೆ.

ಯಾವುದರಿಂದ ಅವನನ್ನು ಹಿಂದಕ್ಕೆ ಕರೆದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಕಮಾಂಡೋ ಎಂದರೆ ಸಿನಿಮಾದಲ್ಲಿ ಗಾಜು ಒಡೆದು ಹಾರುವವನು ಎಂದಷ್ಟೇ ತಿಳಿದಿದ್ದೆ. 2016ರ ಸೆಪ್ಟೆಂಬರಿನಲ್ಲಿ ನಮ್ಮ ಸೈನಿಕರು ಗಡಿ ನಿಯಂತ್ರಣ ರೇಖೆ ದಾಟಿ ದಾಳಿ ಮಾಡಿ ಬಂದ ಸುದ್ದಿ ಟೀವಿಯಲ್ಲಿ ಬಂದಾಗ, ಹೋದವರು ಪ್ಯಾರಾ ಸ್ಪೆಷಲ್ ಫೋರ್ಸಸ್‌ನವರು ಎಂದು ಕೇಳಿ, ಊಟದ ತಟ್ಟೆಯ ಮುಂದೆ ಕೂತವಳು ಹಾಗೇ ಕೂತೆ. ಅಲ್ಲಿಂದ ಓದಲು ಸುರು ಮಾಡಿದೆ. ಪತ್ರಿಕೆ, ಗ್ರಂಥಾಲಯದ ಇಂಗ್ಲಿಷ್ ಪುಸ್ತಕ, ನಿವೃತ್ತ ಸುಬೇದಾರರೊಬ್ಬರ ಮಾತು, ಸಿಕ್ಕಿದ್ದೆಲ್ಲ.

ಈ ಪಡೆಯ ಹುಟ್ಟು 1965ರ ಯುದ್ಧದಲ್ಲಿ. ಮೇಜರ್ ಮೇಘ್ ಸಿಂಗ್ ಎಂಬವರು ಕೆಲವರನ್ನು ಆರಿಸಿಕೊಂಡು ಶತ್ರುವಿನ ಸಾಲುಗಳ ಹಿಂದೆ ಹೋಗಿ ಕೆಲಸ ಮಾಡಿ ಬಂದರು. ಆ ಗುಂಪಿಗೆ ಮೇಘದೂತ ಪಡೆ ಎಂದು ಹೆಸರಾಯಿತು. (ಕಾಳಿದಾಸನ ಮೋಡ ಒಯ್ದದ್ದು ಬೇರೆ ಬಗೆಯ ಸುದ್ದಿ.) 1966ರಲ್ಲಿ ಅದರಿಂದಲೇ ಮೊದಲ ಪ್ಯಾರಾ ಕಮಾಂಡೋ ಬೆಟಾಲಿಯನ್ ಆಯಿತು. 1971ರ ಡಿಸೆಂಬರಿನಲ್ಲಿ ಮರುಭೂಮಿಯ ಹತ್ತನೆಯ ಪ್ಯಾರಾದವರು ಜೈಪುರದ ರಾಜಮನೆತನದ ಭವಾನಿ ಸಿಂಗರ ಕೈಕೆಳಗೆ ಜೀಪುಗಳಲ್ಲಿ ಸಿಂಧದೊಳಕ್ಕೆ ಸುಮಾರು ಎಂಬತ್ತು ಕಿಲೋಮೀಟರು ನುಗ್ಗಿ ಛಾಛ್ರೋ ಎಂಬ ಊರನ್ನು ಹಿಡಿದರು. ನಮ್ಮ ಬೆಳಗಾವಿಯ ಮರಾಠಾ ದಳದ ಇಪ್ಪತ್ತೊಂದನೆಯ ಬೆಟಾಲಿಯನ್ 1996ರಲ್ಲಿ ಇಂಥದೇ ಪಡೆಯಾಗಿ ಬದಲಾಯಿತು. ನಾನು ತಟ್ಟೆಯಲ್ಲಿ ಹುಣಸೆಬೀಜ ಜೋಡಿಸಲು ಕಲಿತ ವರ್ಷವೇ ಅದು.

ಇದಕ್ಕೆ ಯಾರನ್ನೂ ಹೆಸರಿಟ್ಟು ಕಳಿಸುವುದಿಲ್ಲ, ತಾನಾಗಿ ಕೈ ಎತ್ತಿದವನಿಗಷ್ಟೇ ಅವಕಾಶ. ಎತ್ತಿದ ಕೈಯನ್ನು ಯಾವ ಗಳಿಗೆಯಲ್ಲಾದರೂ ಇಳಿಸಬಹುದು. “ಸಾಕು” ಎಂದು ಒಂದು ಮಾತು ಅಂದರೆ ಸಾಕು, ಬಿಸಿ ಊಟ, ಒಣ ಹಾಸಿಗೆ, ಹಳೆಯ ಪಲ್ಟಣ. ಮೊದಲು ಆರು ತಿಂಗಳಿದ್ದ ಈ ಪರೀಕ್ಷೆಯ ಕಾಲವನ್ನು ಆಮೇಲೆ ತೊಂಬತ್ತು ದಿನಕ್ಕೆ ಇಳಿಸಿದ್ದಾರೆ. ಹತ್ತರಲ್ಲಿ ಒಬ್ಬ ಉಳಿದರೆ ಹೆಚ್ಚು ಎನ್ನುವ ಮಾತಿದೆ. ಹೊರೆ ಹೊತ್ತು ಹತ್ತು, ಇಪ್ಪತ್ತು, ನಲವತ್ತು ಕಿಲೋಮೀಟರು. ನಿದ್ದೆ ಕೊಡದೆ ಒಂದೂವರೆ ದಿನ ಒಂದರ ಮೇಲೊಂದು ಕೆಲಸ. ಕಡೆಯವರೆಗೆ ಉಳಿದವನಿಗೆ ಮರೂನ್ ಟೋಪಿ; ಆಗ್ರಾದಲ್ಲಿ ವಿಮಾನದಿಂದ ಐದು ಸಲ, ಅದರಲ್ಲಿ ಒಂದು ಸಲ ರಾತ್ರಿ, ಹಾರಿದರೆ ಎದೆಯ ಮೇಲೆ ರೆಕ್ಕೆಯ ಗುರುತು. ಟೋಪಿ ಸಿಕ್ಕ ದಿನ ಗಾಜಿನ ಲೋಟದ ಅಂಚನ್ನು ಕಡಿದು ಅಗಿಯುವ ಸಂಪ್ರದಾಯವೊಂದಿದೆ. ಟೀವಿಯಲ್ಲಿ ನೋಡಿ ನನಗೆ ತಡೆಯದಷ್ಟು ಸಿಟ್ಟು ಬಂತು. ಅಷ್ಟೆಲ್ಲ ಗೆದ್ದುಬಂದ ಮಗುವಿಗೆ ಒಂದು ಲೋಟ ಹಾಲು ಕೊಡಬಾರದೆ?

ಆದರೆ ಮೈಯ ಕಷ್ಟ ನನ್ನನ್ನು ಅಷ್ಟು ಕಾಡಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಕಬ್ಬಿನ ಹೊರೆ ಹೊರುವುದನ್ನು ನೋಡಿದವಳು ನಾನು. ಕಾಡಿದ್ದು ಬೇರೆಯ ಒಂದು ವಿಷಯ. ಇಂಗ್ಲೆಂಡಿನ ಎಸ್.ಎ.ಎಸ್. ಎಂಬ ಪಡೆಯ ಬಗ್ಗೆ ಓದುವಾಗ ಅದು ಸ್ಪಷ್ಟವಾಯಿತು. 1941ರಲ್ಲಿ ಸುರುವಾದ ಪಡೆ ಅದು. ವೇಲ್ಸ್‌ನ ಬೆಟ್ಟಗಳಲ್ಲಿ ಅವರ ಆಯ್ಕೆ ನಡೆಯುತ್ತದೆ. ಅಲ್ಲಿ ಬಯ್ಯುವವರಿಲ್ಲ, ಹುರಿದುಂಬಿಸುವವರೂ ಇಲ್ಲ. ನಕ್ಷೆ, ದಿಕ್ಸೂಚಿ, ಬೆನ್ನ ಮೇಲಿನ ಹೊರೆ, ಮುಂದಿನ ಗುರುತಿನ ಜಾಗ, ಇಷ್ಟೇ. ಅಲ್ಲಿ ನಿಂತ ಅಧಿಕಾರಿ ಅದರ ಮುಂದಿನ ಜಾಗ ಹೇಳುತ್ತಾನೆ. ಬೇಗ ಬಂದೆಯೋ ತಡವಾಗಿ ಬಂದೆಯೋ ಹೇಳುವುದಿಲ್ಲ. ಎಷ್ಟು ಹೊತ್ತಿನಲ್ಲಿ ಮುಗಿಸಬೇಕೆಂಬುದನ್ನೂ ತಿಳಿಸುವುದಿಲ್ಲ.

ಇದನ್ನು ಓದಿ ಪುಸ್ತಕ ಮುಚ್ಚಿದೆ. ಮೂವತ್ತು ವರ್ಷ ಹತ್ತಿರ ಹತ್ತಿರ ನಾನು ಮಾಡಿದ್ದೇನು? ಪ್ರತಿ ಹದಿನೈದು ದಿನಕ್ಕೆ ಒಂದು ಕಿರುಪರೀಕ್ಷೆ, ಅಂಕ, ಶ್ರೇಣಿ, ಕೆಂಪು ಶಾಯಿಯಲ್ಲಿ ಶಾಬಾಸ್ ಅಥವಾ ನಾಚಿಕೆಗೇಡು. ಹೊಗಳಿಕೆಯೂ ಬೈಗುಳವೂ ಸಿಗದ ಮಗು ಒಂದು ಫರ್ಲಾಂಗ್ ನಡೆಯುವಂತೆಯೂ ನಾನು ಕಲಿಸಿರಲಿಲ್ಲ. ಕೊನೆಯ ಬೆಂಚಿನ ಹುಡುಗನಿಗೆ ಮಾತ್ರ, ನನ್ನ ದಯದಿಂದ, ಅದರ ಅಭ್ಯಾಸ ಆಗಿತ್ತು.

ಹೇಳದೆ ಬಿಡುವುದಕ್ಕೂ ಒಂದು ಮಿತಿ ಬೇಕು, ಅದೂ ನಿಜ. 2013ರ ಜುಲೈನಲ್ಲಿ ಅದೇ ವೇಲ್ಸ್ ಬೆಟ್ಟಗಳಲ್ಲಿ, ಅದೇ ಪಡೆಯ ಮೀಸಲು ದಳಕ್ಕೆ ಆಯ್ಕೆ ನಡೆಯುವಾಗ, ಸುಮಾರು ಇಪ್ಪತ್ತಾರು ಕಿಲೋಮೀಟರಿನ ನಡಿಗೆಯಲ್ಲಿ ಬಿಸಿಲಿನ ಝಳಕ್ಕೆ ಕುಸಿದು ಮೂವರು ಸತ್ತರು. ಅವರ ಮೈಮೇಲೆ ಎಲ್ಲಿದ್ದಾರೆಂದು ತೋರಿಸುವ ಯಂತ್ರವಿತ್ತು. ಗುರುತು ಕದಲದೆ ನಿಂತದ್ದನ್ನು ನೋಡಬೇಕಾದವರು ಹೊತ್ತಿಗೆ ಸರಿಯಾಗಿ ನೋಡಲಿಲ್ಲ. 2015ರ ವಿಚಾರಣೆ ಅದನ್ನು ನಿರ್ಲಕ್ಷ್ಯವೆಂದೇ ಹೇಳಿತು. ಇದನ್ನು ಓದಿದ ರಾತ್ರಿ ನನ್ನ ಪತ್ರದ ಬಗ್ಗೆ ಸ್ವಲ್ಪ ಸಮಾಧಾನವಾಗಿತ್ತು. ಸಮಾಧಾನ ನಾಲ್ಕು ದಿನ ಉಳಿಯಿತು.

ಆಮೇಲೆ ಲಿಬಿಯಾದ ರಸ್ತೆಯ ಕತೆ ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ ರೋಮೆಲ್‌ನ ಸೈನ್ಯಕ್ಕೆ ಬರುವ ಸಾಮಾನೆಲ್ಲ ಸಮುದ್ರದ ದಂಡೆಯ ಒಂದೇ ರಸ್ತೆಯಲ್ಲಿ ಬರಬೇಕಿತ್ತು. ಮರುಭೂಮಿಯ ದೂರಗಾಮಿ ತುಕಡಿಯೊಂದನ್ನು, ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂದು ಅದರ ಹೆಸರು, ಬ್ರಿಟಿಷರು 1940ರಲ್ಲಿ ಕಟ್ಟಿದ್ದರು. ಮುಂದೆ ಅದರ ಜೊತೆ ಭಾರತೀಯ ಸವಾರರ ಒಂದು ದಳವೂ ಕೆಲಸ ಮಾಡಿತು. 1942ರ ಮಾರ್ಚಿನಿಂದ ಜುಲೈವರೆಗೆ ಈ ತುಕಡಿಯವರು ಶತ್ರುವಿನ ಮುಂಚೂಣಿಯಿಂದ ನೂರಾರು ಮೈಲಿ ಹಿಂದೆ, ಆ ರಸ್ತೆಯ ಪಕ್ಕದಲ್ಲಿ ಮಲಗಿದರು. ಬೆಳಕು ಹರಿಯುವ ಮೊದಲೇ ಇಬ್ಬರು ಹೋಗಿ ರಸ್ತೆಯಿಂದ ಕೆಲವು ನೂರು ಗಜ ದೂರದಲ್ಲಿ, ಮರವಿಲ್ಲದ ಬಯಲಲ್ಲಿ, ಒಂದು ಹಿಡಿ ಕುರುಚಲಿನ ಮರೆಗೆ ಬೋರಲಾಗಿ ಮಲಗುವುದು. ಕತ್ತಲಾಗುವ ತನಕ ಏಳುವಂತಿಲ್ಲ. ಹೋದ ಲಾರಿ, ಬಂದ ಲಾರಿ, ಟ್ಯಾಂಕು, ಫಿರಂಗಿ, ಒಂದೊಂದನ್ನೂ ಎಣಿಸಿ ಬರೆಯುವುದು. ಮರುದಿನ ಬೇರೆ ಇಬ್ಬರು. ಗುಂಡು ಹಾರಿಸುವಂತಿಲ್ಲ. ಕಣ್ಣೆದುರೇ ಹೋದರೂ ಬಿಟ್ಟುಬಿಡಬೇಕು.

ಹಾಜರಿ ಪುಸ್ತಕ! ನನಗೆ ನಗು ಬಂತು. ಇಷ್ಟೆಲ್ಲ ಹೊರೆ ಹೊತ್ತು, ಹಸಿದು, ನಿದ್ದೆಗೆಟ್ಟು ಗೆದ್ದವನಿಗೆ ಕೊನೆಗೆ ಕೊಡುವ ಕೆಲಸ ಹಾಜರಿ ಹಾಕುವುದು. ನಗು ನಿಂತ ಮೇಲೆ ಹೊಳೆಯಿತು. ಆ ಇಬ್ಬರನ್ನು ನೋಡುವವರು ಯಾರೂ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ತೂಕಡಿಸಿ ಅರ್ಧ ಗಂಟೆ ಕಣ್ಣು ಮುಚ್ಚಿ, ಆಮೇಲೆ ಅಂದಾಜಿನ ಮೇಲೆ ನಲವತ್ತು ಲಾರಿ ಎಂದು ತುಂಬಿಸಿದರೆ ಕೇಳುವವರಿಲ್ಲ. ಅವರ ಲೆಕ್ಕ ವೈರ್‌ಲೆಸ್ಸಿನಲ್ಲಿ ಕೈರೋಗೆ ಹೋಗುತ್ತದೆ, ಅದರ ಮೇಲೆ ಸಾವಿರಾರು ಜನರ ಜೀವ ನಿಲ್ಲುತ್ತದೆ. ಅಂಥ ಕಡೆಗೆ ಬೇಕಾದವನು ನಲವತ್ತು ಕಿಲೋಮೀಟರು ಓಡಿ ಸುಸ್ತಾಗಿ ಬಿದ್ದ ಮೇಲೂ, ಮೂರು ದಿನ ನಿದ್ದೆಯಿಲ್ಲದೆಯೂ, “ಅದು ಕಾಣಲಿಲ್ರಿ” ಎನ್ನಬಲ್ಲವನು. ಹೊರೆ, ಬೆಟ್ಟ, ಮಳೆ ಎಲ್ಲ ಅದನ್ನು ಕಂಡುಹಿಡಿಯುವ ಉಪಾಯ. ಆ ಪರೀಕ್ಷೆಯಲ್ಲಿ ಒಂದು ಉತ್ತರವನ್ನು ನನ್ನ ಹುಡುಗ ಒಂಬತ್ತನೆಯ ತರಗತಿಯಲ್ಲೇ ಬರೆದಿದ್ದ. ನಾನು ರೂಲುಕಟ್ಟಿಗೆಯಿಂದ ತಿದ್ದಿದ್ದೆ.

ಹುಡುಗ 2022ರಲ್ಲಿ ಹದಿನೇಳು ವರ್ಷದ ಸರ್ವಿಸು ಮುಗಿಸಿ ಊರಿಗೆ ಬಂದ. ಹುಡುಗ ಎನ್ನುತ್ತೇನೆ, ಕಿವಿಯ ಮೇಲೆ ನರೆ ಬಂದಿದೆ. ಅದೇ ವರ್ಷ ಸೈನ್ಯದ ಭರ್ತಿಯ ರೀತಿ ಬದಲಾಗಿ ಅಗ್ನಿವೀರರ ನಾಲ್ಕು ವರ್ಷದ ನೌಕರಿ ಬಂತು. ಓಟಕ್ಕಿಂತ ಮೊದಲು ಕಂಪ್ಯೂಟರಿನ ಮುಂದೆ ಲಿಖಿತ ಪರೀಕ್ಷೆ ಬರೆಯಬೇಕು. ಊರ ಹುಡುಗರಿಗೆ ದಿಕ್ಕು ತಪ್ಪಿತು. ಇವನು ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಐದಕ್ಕೆ ಅವರನ್ನು ಓಡಿಸತೊಡಗಿದ. ದುಡ್ಡು ತೆಗೆದುಕೊಳ್ಳುವುದಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಾನೇ ಹೋದೆ. ಹುಡುಗರು ದಂಡೆಯ ಮೇಲೆ ಓಡುತ್ತಿದ್ದರು. ಇವನು ಕೂಗುತ್ತಿರಲಿಲ್ಲ, ಕೈ ಕಟ್ಟಿ ನಿಂತಿದ್ದ. ನನ್ನನ್ನು ನೋಡಿ ಕಾಲು ಮುಟ್ಟಿದ, ತನ್ನ ಶಾಲು ಹಾಸಿ ಕಲ್ಲಿನ ಮೇಲೆ ಕೂರಿಸಿದ. ಸ್ವಲ್ಪ ಹೊತ್ತು ಹವೆ, ಬೆಳೆ, ಶೇಂಗಾದ ದರ ಮಾತಾಡಿದೆವು. ಆಮೇಲೆ ನಾನು ಹದಿನೈದು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ. “ಆವತ್ತು ನಾನು ಪತ್ರ ಬರೆಯದಿದ್ದರೆ ಮತ್ತೆ ಹೋಗುತ್ತಿದ್ದೆ ಅಲ್ಲವೇನೋ?”

“ಹೋಗ್ತಿದ್ದೆ ಬಿಡ್ರಿ.”

“ಗೆಲ್ಲುತ್ತಿದ್ದೆಯಾ?”

ಯೋಚಿಸಿದ. ತಪಾಸಣೆಯ ದಿನ ಯೋಚಿಸಿದ ಹಾಗೆಯೇ. “ಅದು ಗೊತ್ತಿಲ್ರಿ. ಐದನೇ ವಾರದ ತನಕ ಗೊತ್ತೈತಿ. ಮುಂದಿಂದು ನಾ ನೋಡಿಲ್ಲ.”

ನಾನು ಸುಮ್ಮನಾದೆ. ಅವನೇ ಮುಂದುವರಿಸಿದ. “ಪತ್ರ ಇನ್ನೂ ಇಟ್ಟೇನ್ರಿ. ಅವ್ವ ಹಾಸಿಗಿ ಹಿಡಿದಾಳ ಅಂತ ಬರದಿದ್ರಿ. ಹೆಸರು ವಾಪಸ್ ತಗೊಂಡು, ಸೂಟಿ ಹಾಕಿ, ಎರಡ ದಿನ ರೈಲಿನ್ಯಾಗ ನಿಂತಕೊಂಡ ಬಂದ್ಯಾ. ಬಂದ ನೋಡಿದ್ರ ಹೊಲದಾಗ ಕಳೆ ತಗೀತಿದ್ಲು.” ನಕ್ಕ. ಸಿಟ್ಟಿನ ನಗೆಯಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು.

“ನನಗೆ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲಲ್ರಿ.”

ಅಷ್ಟರಲ್ಲಿ ಹುಡುಗರು ಓಟ ಮುಗಿಸಿ ಏದುಸಿರು ಬಿಡುತ್ತ ಬಂದು ಸುತ್ತ ನಿಂತರು. ಇವನು ಕಲ್ಲಿನ ಪಕ್ಕದಲ್ಲಿದ್ದ ಒಂದು ಪ್ಲಾಸ್ಟಿಕ್ ಬುಟ್ಟಿಯ ಮೇಲಿನ ಟವೆಲು ತೆಗೆದ. ಕೈಗಡಿಯಾರ ನೋಡುತ್ತ ನಿಂತ. ಒಂದು ನಿಮಿಷಕ್ಕೆ ಸರಿಯಾಗಿ ಮತ್ತೆ ಮುಚ್ಚಿದ. ಅವರು ಬೆವರಿನ ಕೈಯಲ್ಲಿ ಚೀಟಿ ಹಿಡಿದು ಬರೆಯತೊಡಗಿದರು. ನನಗೂ ಒಂದು ಚೀಟಿ ಕೊಟ್ಟ. ಈ ವಯಸ್ಸಿನಲ್ಲಿ ಶಿಷ್ಯನ ಮುಂದೆ ಪರೀಕ್ಷೆ! ಕನ್ನಡಕ ಏರಿಸಿಕೊಂಡು ಬರೆದೆ: ಬೀಗದ ಕೈ, ಸೇಫ್ಟಿ ಪಿನ್ನು, ಬ್ಯಾಟರಿ ಸೆಲ್ಲು, ಕವಡೆ. ಹತ್ತೊಂಬತ್ತಕ್ಕೆ ನಿಂತುಹೋಯಿತು. ಕಣ್ಣು ಮುಚ್ಚಿ ನೆನಪಿಸಿಕೊಂಡು ಇಪ್ಪತ್ತನೆಯದನ್ನೂ ಬರೆದು ಚೀಟಿ ಕೊಟ್ಟೆ.

ಹುಡುಗರ ಚೀಟಿಗಳನ್ನೆಲ್ಲ ನೋಡಿ ಮುಗಿಸಿ ಕೊನೆಗೆ ನನ್ನದನ್ನು ಹಿಡಿದ. ಬೆರಳಿಟ್ಟು ಒಂದೊಂದೇ ಸಾಲು ಇಳಿದ.

“ಸುಣ್ಣದ ಡಬ್ಬಿ ಇದರಾಗ ಇಲ್ರಿ ಅಕ್ಕೋರ,” ಅಂದ. “ಅದು ನಿಮ್ಮ ತಟ್ಟ್ಯಾಗಿಂದು.”

ಹುಡುಗರು ಇನ್ನೊಂದು ಸುತ್ತು ಓಡಲು ಎದ್ದರು. ನನಗೆ ಎಂಟೂ ಕಾಲರ ಬಸ್ಸಿತ್ತು.